ಹಸಿರು ಮಾತ್ರೆಗೆ ಸಾಲ, ನೀಲಿ ಮಾತ್ರೆ ಚರಂಡಿಗೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಪಾಚಿ ಮಾತ್ರೆಯ ಬಗ್ಗೆ ಒಂದು ಬರಹ ಬಂದಿತ್ತು. ವ್ಯಾಯಾಮ ಮಾಡುವವರ ದೇಹದಲ್ಲಿ ಹಾನಿ ಮಾಡುವ ಕಣಗಳು ಹುಟ್ಟುತ್ತವೆ, ಸ್ಪಿರುಲಿನಾ ಎಂಬ ಪಾಚಿ ಅವನ್ನು ತೊಳೆದು ಹಾಕುತ್ತದೆ, ಹಾಗಾಗಿ ಓಡುವವರು ಮತ್ತು ಜಿಮ್‌ಗೆ ಹೋಗುವವರು ದಿನಾ ಅದನ್ನು ತಗೊಳ್ಳಬೇಕು ಅಂತ ಅದರಲ್ಲಿ ಬರೆದಿತ್ತು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡ ಇಬ್ಬರು ತಾಯಂದಿರನ್ನು ನಾನು ನಮ್ಮ ಬಸ್‌ ಸ್ಟ್ಯಾಂಡಿನಲ್ಲೇ ನೋಡಿದೆ. ಬರಹದಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧದ ಬಗ್ಗೆ ನಾನು ಬರೆಯಲೇಬೇಕು. ಯಾಕೆಂದರೆ ಅದನ್ನು ನಂಬಿ ನಾನೇ ಒಂದು ತಪ್ಪು ಮಾಡಿದ್ದೇನೆ.

ನಾನು ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಕಿಯಾಗಿದ್ದೆ. ನಿವೃತ್ತಿಯಾಗಿ ಮೂರು ವರ್ಷ ಆಯಿತು. ಆದರೂ ಬೆಳಿಗ್ಗೆ 6 ಗಂಟೆಗೆ ಏಳೆಂಟು ಹೆಣ್ಣುಮಕ್ಕಳನ್ನು ಓಡಿಸುತ್ತೇನೆ. ಬೇಸಿಗೆಯಲ್ಲಿ ಗೋಪಾಲಗೌಡ ಕ್ರೀಡಾಂಗಣ, ಒಮ್ಮೊಮ್ಮೆ ಇಕ್ಕೇರಿ ರಸ್ತೆ. ಇವರಲ್ಲಿ ಒಬ್ಬಳು ಈಗ ಹತ್ತನೇ ಕ್ಲಾಸು. 1500 ಮೀಟರ್ ಮತ್ತು 3000 ಮೀಟರ್ ಓಡುತ್ತಾಳೆ. ತಾಯಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ, ತಂದೆ ಇಲ್ಲ. ಹುಡುಗಿಯ ಕಾಲು ನೋಡಿದರೆ ಸಾಕು, ಓಡುವುದಕ್ಕೇ ಹುಟ್ಟಿದವಳು ಅನ್ನಿಸುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ಒಂದು ಸಂಜೆ ಆ ತಾಯಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಬಿಳಿ ಡಬ್ಬಿ. ಜಗಲಿಯ ಮೇಲೆ ಕೂತು ಡಬ್ಬಿಯನ್ನು ನನ್ನ ಮುಂದೆ ಇಟ್ಟರು. “ಇದು ಊಟಕ್ಕೆ ಮುಂಚೆ ಕೊಡದಾ, ಆಮೇಲಾ ಅಕ್ಕೋರೇ?” ಅಂತ ಕೇಳಿದರು. ತೆಗೆದು ನೋಡಿದೆ. ಸ್ಪಿರುಲಿನಾ. ಅರ್ಧ ಗ್ರಾಂನ 120 ಮಾತ್ರೆ. ದಿನಕ್ಕೆ ಆರು ನುಂಗಬೇಕು ಅಂತ ಮಾರಿದವರು ಹೇಳಿದ್ದಾರೆ. ಬೆಲೆ 1,650 ರೂಪಾಯಿ. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದೆ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಿದ್ದರು.

“ಯಾಕಮ್ಮ ಇದು?” ಎಂದೆ.

“ನೀವೇ ತಗತೀರಂತಲ್ಲ ಅಕ್ಕೋರೇ. ಹುಡುಗಿ ಹೇಳ್ತು. ಅದಕ್ಕೇ ತರಿಸ್ದೆ.”

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹೌದು, ನಾನು ತಗೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ಒಂದು ವರ್ಷ ನನಗೆ ಯಾವ ಕೆಲಸಕ್ಕೂ ಮೈ ಬಗ್ಗುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಒಂದು ಡಬ್ಬಿ ತಂದುಕೊಟ್ಟ. ಮೂರು ತಿಂಗಳು ತಗೊಂಡೆ. ಚೈತನ್ಯ ಬಂತು. ಮಕ್ಕಳು ಓಟ ಮುಗಿಸಿ ಸುಸ್ತಾಗಿ ಕೂತಾಗ ನನ್ನ ಚೀಲದಲ್ಲಿದ್ದ ಡಬ್ಬಿ ತೋರಿಸಿ, “ಇದರಿಂದ ನಂಗೆ ತುಂಬಾ ಅನುಕೂಲ ಆಯ್ತು ಕಣ್ರೇ” ಅಂತ ಹೇಳಿದ್ದೂ ಹೌದು. ನಾನು ಮರೆತ ವಿಷಯ ಒಂದೇ. ಆ ಡಬ್ಬಿ ಶುರು ಮಾಡಿದ ವಾರವೇ ನಾನು ಬೆಳಗಿನ ನಡಿಗೆಯನ್ನೂ ಮತ್ತೆ ಶುರು ಮಾಡಿದ್ದೆ. ಒಂದು ವರ್ಷ ಮನೆಯಲ್ಲಿ ಕೂತಿದ್ದವಳು ದಿನಾ ನಾಲ್ಕು ಕಿಲೋಮೀಟರ್ ನಡೆಯತೊಡಗಿದ್ದೆ. ಚೈತನ್ಯ ಬಂದದ್ದು ಯಾವುದರಿಂದ? ನಾನು ಹೊಗಳಿದ್ದು ಡಬ್ಬಿಯನ್ನು. 31 ವರ್ಷ ವ್ಯಾಯಾಮ ಕಲಿಸಿದವಳು ವ್ಯಾಯಾಮವನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಜ್ಞಾನ ಓದಿದವಳು. ಮುಂದಿನ ಭಾನುವಾರ ಮನೆಗೇ ಬಂದಳು. ಇಡೀ ಮಧ್ಯಾಹ್ನ ಕೂತು ವಿವರಿಸಿದಳು. ಆಮೇಲೂ ವಾರಗಟ್ಟಲೆ ನಾನು ಒಂದೊಂದನ್ನೇ ಓದಿ, ಅವಳನ್ನು ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ನಾವು ಉಸಿರಾಡುವ ಆಮ್ಲಜನಕದ ಸ್ವಲ್ಪ ಭಾಗ ಜೀವಕೋಶದೊಳಗೆ ಸೂಪರ್‌ಆಕ್ಸೈಡ್‌ನಂಥ ಪುಂಡ ಕಣಗಳಾಗುತ್ತದೆ. ಇವನ್ನು ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ. ಇವು ಪಕ್ಕದ ಕೊಬ್ಬು, ಪ್ರೋಟೀನು, ಡಿಎನ್‌ಎ ಮೇಲೆ ಬಿದ್ದು ಹಾಳು ಮಾಡಬಲ್ಲವು. ಓಡುವಾಗ ಸ್ನಾಯುಗಳಲ್ಲಿ ಇವು ಜಾಸ್ತಿಯಾಗುವುದು ನಿಜ. ಇಲ್ಲಿಯವರೆಗೆ ನಿಮ್ಮ ಪುಟದ ಬರಹ ಸರಿಯಾಗಿಯೇ ಇದೆ. ಆದರೆ ದೇಹ ಇವಕ್ಕೆ ಸುಮ್ನೆ ಮೈಯೊಡ್ಡಿ ಕೂತಿಲ್ಲ ಅನ್ನುವುದು ಅದರಲ್ಲಿ ಇರಲಿಲ್ಲ.

ನಮ್ಮ ಶಾಲೆಯ ಮೈದಾನ ಜಂಬಿಟ್ಟಿಗೆ ಮಣ್ಣಿನದು. ಬಿದ್ದರೆ ಮಂಡಿ ಕಿತ್ತು ಬರುತ್ತದೆ. ನನ್ನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಆಗೆಲ್ಲ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತಿತ್ತು. ಗಾಯದ ಮೇಲೆ ಎರಡು ಹನಿ ಹಾಕಿದರೆ ಬಿಳಿ ನೊರೆ ಬುಸುಬುಸು ಎಂದು ಏಳುತ್ತಿತ್ತು. ಮಕ್ಕಳು ಅಳುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು. ಕ್ರಿಮಿಗಳು ಸಾಯುವಾಗ ನೊರೆ ಬರುತ್ತದೆ ಅಂತ ನಾನು ಹೇಳುತ್ತಿದ್ದೆ. ಅದು ತಪ್ಪು. ಗಾಯದ ರಕ್ತದಲ್ಲಿ, ಮಾಂಸದಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ಇರುತ್ತದೆ. ಅದು ಪೆರಾಕ್ಸೈಡನ್ನು ಮುಟ್ಟಿದ ಕೂಡಲೇ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಆಮ್ಲಜನಕವೇ ನೊರೆ. (ಈಗ ಗಾಯಕ್ಕೆ ಸೋಪು ನೀರೇ ಸಾಕು ಎನ್ನುತ್ತಾರೆ ಡಾಕ್ಟರು, ನಾನೂ ಹಾಗೇ ಮಾಡುತ್ತೇನೆ.) ಅಂದರೆ ಇಷ್ಟು ವರ್ಷ ದೇಹದ ಕಾವಲು ಪಡೆಯನ್ನು ನಾನು ಕಣ್ಣಾರೆ ನೋಡುತ್ತಿದ್ದೆ, ಅದರ ಹೆಸರು ಗೊತ್ತಿರಲಿಲ್ಲ.

ಕ್ಯಾಟಲೇಸ್ ಒಂದೇ ಅಲ್ಲ. ಅದಕ್ಕಿಂತ ಮುಂದಿನ ಸಾಲಿನಲ್ಲಿ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವ ಇದೆ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬಿಬ್ಬರು ಇದರ ಕೆಲಸವನ್ನು ಕಂಡುಹಿಡಿದರು. ಅದು ಸೂಪರ್‌ಆಕ್ಸೈಡನ್ನು ಹಿಡಿದು ಪೆರಾಕ್ಸೈಡ್ ಮಾಡುತ್ತದೆ. ಆಮೇಲೆ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಸೇರಿ ಆ ಪೆರಾಕ್ಸೈಡನ್ನು ನೀರಾಗಿಸುತ್ತವೆ. ಇವು ಯಾವುವೂ ಡಬ್ಬಿಯಿಂದ ಬರುವುದಿಲ್ಲ, ದೇಹವೇ ತಯಾರಿಸಿಕೊಳ್ಳುತ್ತದೆ. ಎಷ್ಟು ತಯಾರಿಸಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಇದೇ ಪ್ರಶ್ನೆಯನ್ನು ನಾನು ನನ್ನ ಆ ಹಳೆಯ ವಿದ್ಯಾರ್ಥಿನಿಗೆ ಕೇಳಿದೆ. ಅವಳು ಹೇಳಿದ ಉತ್ತರ ನನ್ನ ತಲೆಯನ್ನೇ ತಿರುಗಿಸಿತು. ಆ ಪುಂಡ ಕಣಗಳೇ ಸುದ್ದಿ ಮುಟ್ಟಿಸುತ್ತವೆ ಟೀಚರ್, ಅಂದಳು. ಜೀವಕೋಶದಲ್ಲಿ ಎನ್‌ಆರ್‌ಎಫ್-2 ಎಂಬ ಒಂದು ಪ್ರೋಟೀನು ಇದೆ. ಎಲ್ಲ ತಣ್ಣಗಿರುವಾಗ ಕೀಪ್-1 ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಕೂರಿಸಿರುತ್ತದೆ. ಓಟದಲ್ಲಿ ರ‍್ಯಾಡಿಕಲ್‌ಗಳು ಜಾಸ್ತಿಯಾದಾಗ ಆ ಹಿಡಿತ ಸಡಿಲವಾಗುತ್ತದೆ. ಎನ್‌ಆರ್‌ಎಫ್-2 ಬಿಡಿಸಿಕೊಂಡು ಜೀವಕೋಶದ ಕೇಂದ್ರಕ್ಕೆ ಹೋಗಿ, ಕಾವಲಿನ ಕಿಣ್ವಗಳನ್ನು ಮಾಡುವ ಜೀನ್‌ಗಳನ್ನು ಎಬ್ಬಿಸುತ್ತದೆ. ದಿನಾ ಓಡಿದರೆ ದಿನಾ ಎಬ್ಬಿಸುತ್ತದೆ. ವಾರಗಳು ಕಳೆದಂತೆ ಸ್ನಾಯುವಿನಲ್ಲಿ ಆ ಕಿಣ್ವಗಳ ಬಲ ಹೆಚ್ಚುತ್ತದೆ. ಮೊದಲ ದಿನ ತೊಂದರೆ ಕೊಟ್ಟ ಅದೇ ಓಟವನ್ನು ಮೂರನೇ ತಿಂಗಳಲ್ಲಿ ದೇಹ ಸಲೀಸಾಗಿ ತಡೆದುಕೊಳ್ಳುತ್ತದೆ.

ಕೇಳುತ್ತಾ ನನಗೆ ಆ ತಾಯಿಯ ಹೆಬ್ಬೆರಳು ನೆನಪಾಯಿತು. ಮೆಟ್ಟುಗತ್ತಿಯ ಮೇಲೆ ಅಡಿಕೆ ಒತ್ತಿ ಒತ್ತಿ ಅಲ್ಲಿ ಕಂದು ಬಣ್ಣದ ಜಡ್ಡು ಕಟ್ಟಿದೆ, ಅಡಿಕೆ ಸಿಪ್ಪೆಯಷ್ಟೇ ಗಟ್ಟಿ. ಸುಲಿಯಲು ಹೋದ ಮೊದಲ ವರ್ಷ ಅದೇ ಜಾಗದಲ್ಲಿ ಬೊಬ್ಬೆ ಎದ್ದಿತ್ತಂತೆ. ಬೊಬ್ಬೆ ಏಳದ ಹಾಗೆ ಬಟ್ಟೆ ಸುತ್ತಿಕೊಂಡೇ ಕೆಲಸ ಮಾಡಿದ್ದರೆ ಆ ಜಡ್ಡು ಕಟ್ಟುತ್ತಿತ್ತಾ?

ಪುಂಡ ಕಣಗಳನ್ನು ಮಾತ್ರೆಯೇ ಹಿಡಿದುಬಿಟ್ಟರೆ ದೇಹದ ಕಾವಲು ಬಲಿಯುತ್ತದಾ ಎಂಬ ಈ ಅನುಮಾನವನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2009ರಲ್ಲಿ ಜರ್ಮನಿಯ ಯೇನಾದಲ್ಲಿ ರಿಸ್ಟೋ ಮತ್ತು ಜೊತೆಯವರು 39 ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು. ಇವೆರಡೂ ಆಂಟಿಆಕ್ಸಿಡೆಂಟ್, ಅಂದರೆ ಪುಂಡ ಕಣಗಳನ್ನು ಹಿಡಿಯುವ ವಸ್ತುಗಳು. ಉಳಿದವರಿಗೆ ಕೊಡಲಿಲ್ಲ. ಮಾತ್ರೆ ಇಲ್ಲದೆ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ಕಾವಲಿನ ಕಿಣ್ವಗಳ ತಯಾರಿಯೂ ಏರಿತು. ಮಾತ್ರೆ ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. 2014ರಲ್ಲಿ ನಾರ್ವೆಯಲ್ಲಿ 54 ಗಂಡಸರು ಮತ್ತು ಹೆಂಗಸರಿಗೆ 11 ವಾರ ಓಟದ ತರಬೇತಿ ಕೊಟ್ಟು ಇದೇ ತರಹ ನೋಡಿದರು. ಓಟದ ಸಾಮರ್ಥ್ಯದಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ. ಆದರೆ ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಬೆಳೆಯುವ ಗುರುತು ವಿಟಮಿನ್ ತಗೊಂಡವರಲ್ಲಿ ಮಂಕಾಗಿತ್ತು. ಎರಡೂ ಸಣ್ಣ ಪರೀಕ್ಷೆಗಳೇ. ಹಾಗಿದ್ದರೂ ಓಡುವವರು ಹೆಚ್ಚುವರಿ ಆಂಟಿಆಕ್ಸಿಡೆಂಟ್ ತಗೊಳ್ಳಲೇಬೇಕು ಎಂಬ ಮಾತಿಗೆ ಇವು ನೇರ ಅಡ್ಡ ನಿಲ್ಲುತ್ತವೆ.

ಇನ್ನೊಂದು ಪರೀಕ್ಷೆ ದೊಡ್ಡದು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಐದರಿಂದ ಎಂಟು ವರ್ಷ ನಡೆದದ್ದು. 1994ರಲ್ಲಿ ಅದರ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿಯಾಗಿತ್ತು. ಕ್ಯಾರೆಟ್ಟಿನಲ್ಲಿ, ಪಪ್ಪಾಯಿಯಲ್ಲಿ, ಸೊಪ್ಪಿನಲ್ಲಿ ಇರುವ ಅದೇ ವಸ್ತು ಅದು. ಅಡುಗೆಮನೆಯ ಪ್ರಮಾಣ ಬೇರೆ, ಮಾತ್ರೆಯ ಪ್ರಮಾಣ ಬೇರೆ. ಒಳ್ಳೆಯದು ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ನಾವು ಸುಲಭವಾಗಿ ನಂಬಿಬಿಡುತ್ತೇವೆ, ಅಲ್ವಾ?

ಈಗ ಪಾಚಿಯ ಮಾತು. ಅದಕ್ಕೆ ಅನ್ಯಾಯ ಆಗಬಾರದು. ವಿಟಮಿನ್ ಮಾತ್ರೆಯ ಫಲಿತಾಂಶವನ್ನು ತಂದು ಪಾಚಿಗೆ ಹಾಗೇ ಅಂಟಿಸುವುದು ತಪ್ಪು. ಸ್ಪಿರುಲಿನಾ ನಿಜವಾಗಿ ನೀಲಿ ಹಸಿರು ಪಾಚಿ. ಹೆಸರು ಪಾಚಿಯಾದರೂ ಬ್ಯಾಕ್ಟೀರಿಯಾ ಜಾತಿಗೆ ಸೇರಿದ್ದು. ನಮ್ಮ ಗದ್ದೆಗೆ ಸಾರಜನಕ ಹಿಡಿದುಕೊಡುವ ನೀಲಿ ಹಸಿರು ಪಾಚಿಯ ದೂರದ ನೆಂಟ. ಉಪ್ಪು, ಕ್ಷಾರ ಇರುವ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆಫ್ರಿಕದ ಚಾಡ್ ಸರೋವರದ ಹತ್ತಿರದ ಕನೆಂಬು ಜನ ಇದನ್ನು ಬಟ್ಟೆಯಲ್ಲಿ ಸೋಸಿ, ಬಿಸಿಲಿಗೆ ಒಣಗಿಸಿ, ಬಿಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. ಮೆಕ್ಸಿಕೋದಲ್ಲಿ ಅಜ್ಟೆಕ್ ಜನ ಟೆಕ್ಸ್‌ಕೋಕೋ ಸರೋವರದಿಂದ ತೆಗೆದು ತಿನ್ನುತ್ತಿದ್ದರು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಇದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ, ಸ್ಪಿರುಲಿನಾ ಬೆರೆಸಿದ ಚಿಕ್ಕಿಯನ್ನೂ ಮಾಡಿದ್ದಾರೆ. ಒಣ ತೂಕದ ಅರ್ಧಕ್ಕಿಂತ ಜಾಸ್ತಿ ಪ್ರೋಟೀನು. ಅದಕ್ಕೆ ನೀಲಿ ಛಾಯೆ ಕೊಡುವ ಫೈಕೋಸಯಾನಿನ್ ಎಂಬ ಬಣ್ಣ ಪರೀಕ್ಷಾಲಯದಲ್ಲಿ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯುತ್ತದೆ. ಇದರ ಹಾಗೇ ಮಾರುವ ಕ್ಲೋರೆಲ್ಲಾ ಎಂಬುದು ಬೇರೆ, ಅದು ನಿಜವಾದ ಹಸಿರು ಪಾಚಿ. ಅದರ ಗೋಡೆ ಗಟ್ಟಿ, ಒಡೆದು ಪುಡಿ ಮಾಡದಿದ್ದರೆ ನಮಗೆ ಸರಿಯಾಗಿ ಜೀರ್ಣವಾಗುವುದಿಲ್ಲ.

ಓಟಗಾರರ ಮೇಲೂ ಸ್ಪಿರುಲಿನಾ ಪರೀಕ್ಷೆಯಾಗಿದೆ. 2006ರಲ್ಲಿ ತೈವಾನಿನಲ್ಲಿ 16 ವಿದ್ಯಾರ್ಥಿಗಳಿಗೆ ಮೂರು ವಾರ ಕೊಟ್ಟರು. ಸುಸ್ತಾಗುವವರೆಗೆ ಓಡಿಸಿದಾಗ ರಕ್ತದಲ್ಲಿ ಕೊಬ್ಬು ಹಾಳಾದ ಗುರುತು ಕಡಿಮೆಯಾಗಿತ್ತು. ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಸ್ವಲ್ಪ ಏರಿತ್ತು. 2010ರಲ್ಲಿ ಗ್ರೀಸಿನಲ್ಲಿ ಒಂಬತ್ತು ಗಂಡಸರಿಗೆ ದಿನಕ್ಕೆ 6 ಗ್ರಾಂನಂತೆ ನಾಲ್ಕು ವಾರ ಕೊಟ್ಟು ಎರಡು ಗಂಟೆ ಓಡಿಸಿದರು. ಆಮೇಲಿನ ಜೋರು ಓಟದಲ್ಲಿ ಅವರು ಸುಮಾರು ಎರಡು ನಿಮಿಷದ ಬದಲು ಎರಡೂಮುಕ್ಕಾಲು ನಿಮಿಷದ ಹತ್ತಿರ ಓಡಿ ತಾಳಿಕೊಂಡರು. ಇದು ಆಸೆ ಹುಟ್ಟಿಸುವ ಸುದ್ದಿಯೇ. ಆದರೆ ಅವರು ಎಷ್ಟು ಜನ? ಹದಿನಾರು, ಒಂಬತ್ತು. ನಮ್ಮ ಶಾಲೆಯ ಒಂದು ಖೋ ಖೋ ತಂಡದಲ್ಲಿ ಆಡುವ ಒಂಬತ್ತು ಜನರಷ್ಟೇ. ಈ ಸಂಖ್ಯೆ ಹೇಳದೆ “ಪರೀಕ್ಷೆಯಿಂದ ಸಾಬೀತಾಗಿದೆ” ಎಂದಷ್ಟೇ ಬರೆದರೆ, ಓದುವ ತಾಯಿ ಸಾವಿರಾರು ಜನ ಅಂದುಕೊಳ್ಳುತ್ತಾಳೆ. ಅವರು ಗ್ರೀಸಿನಲ್ಲಿ ಕೊಟ್ಟದ್ದು 6 ಗ್ರಾಂ, ಅಂದರೆ ನಮ್ಮ ಹುಡುಗಿಯ ಡಬ್ಬಿಯ ಲೆಕ್ಕದಲ್ಲಿ ದಿನಕ್ಕೆ 12 ಮಾತ್ರೆ. ಹತ್ತು ದಿನಕ್ಕೆ ಒಂದು ಡಬ್ಬಿ ಖಾಲಿ.

ಆ ಡಬ್ಬಿಯ ಲೆಕ್ಕವನ್ನು ನಾನು ಆ ತಾಯಿಯ ಮುಂದೆಯೇ ಕೂತು ಹಾಕಿದೆ. ದಿನಕ್ಕೆ ಆರು ಮಾತ್ರೆ ಅಂದರೆ 3 ಗ್ರಾಂ. ಡಬ್ಬಿ 20 ದಿನಕ್ಕೆ ಸಾಕು. ದಿನಕ್ಕೆ ಎಂಬತ್ತೆರಡೂವರೆ ರೂಪಾಯಿ. ಆ 3 ಗ್ರಾಂನಲ್ಲಿ ಪ್ರೋಟೀನು 2 ಗ್ರಾಂಗೂ ಕಡಿಮೆ. ಏಳು ರೂಪಾಯಿಯ ಒಂದು ಕೋಳಿ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಕಬ್ಬಿಣ ಜಾಸ್ತಿ ಇದೆ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಹಾಕಿದ್ದಾರೆ. ಗ್ರಾಂ ಲೆಕ್ಕದಲ್ಲಿ ಜಾಸ್ತಿಯೇ. ಆದರೆ ನುಂಗುವುದು 3 ಗ್ರಾಂ, ಅದರಲ್ಲಿ ಸುಮಾರು 1 ಮಿಲಿಗ್ರಾಂ ಕಬ್ಬಿಣ ಅಷ್ಟೇ. ವಿಟಮಿನ್ ಬಿ-12 ಇದೆ ಎಂದೂ ಹಾಕಿದ್ದಾರೆ. ಸ್ಪಿರುಲಿನಾದಲ್ಲಿರುವ ಬಿ-12ರ ಬಹುಪಾಲು ನಮ್ಮ ದೇಹಕ್ಕೆ ಉಪಯೋಗವಿಲ್ಲದ ರೂಪದ್ದು.

ಆ ತಾಯಿ ಸ್ವಲ್ಪ ಹೊತ್ತು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜಿ ಉಜ್ಜಿ ಸಾಕಾಗ್ತದೆ. ಅಡಿಕೆ ದಬ್ಬೆ ಹಾಸ್ಕಂಡು ಓಡಾಡ್ತೀವಿ. ಇದಕ್ಕೆ ಸಾಲ ಮಾಡ್ದೆನಲ್ಲ” ಎಂದರು. ಅವರ ಗಂಟಲು ಕಟ್ಟಿತ್ತು. ನನ್ನದೂ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಹುಡುಗಿ ನವೆಂಬರ್‌ನಿಂದಲೇ ಕೊನೆಯ 400 ಮೀಟರ್‌ನಲ್ಲಿ ಕುಸಿಯುತ್ತಿದ್ದಳು. ಮೆಟ್ಟಿಲು ಹತ್ತಿದರೂ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪೇ ಇಲ್ಲ, ಅಕ್ಕಿ ಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 9.6. ಈ ವಯಸ್ಸಿನ ಹುಡುಗಿಗೆ 12 ಇರಬೇಕು. ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಕಣವೇ ಕಡಿಮೆ ಇರುವಾಗ ಯಾವ ಆಂಟಿಆಕ್ಸಿಡೆಂಟ್ ತಂದು ಏನು ಮಾಡುವುದು?

“ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, ತಗೊಳ್ತೀಯಾ?” ಎಂದು ಡಾಕ್ಟರಮ್ಮ ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಬಾಯಲ್ಲಿ ಇಟ್ಟುಕೊಂಡು, ಟೀಚರ್ ಆ ಕಡೆ ಹೋದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ಚರಂಡಿಗೆ ಉಗಿಯುತ್ತಿದ್ದಳಂತೆ. ಹೊಟ್ಟೆ ತೊಳಸುತ್ತದೆ ಅಂತ. ಅವಳೊಬ್ಬಳೇ ಅಲ್ಲ, ಕ್ಲಾಸಿನ ಅರ್ಧ ಹುಡುಗಿಯರು ಹಾಗೆ ಮಾಡುತ್ತಾರಂತೆ. ಆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಬಿಟ್ಟಿ. ಸಾಲ ಮಾಡಿ ತಂದ ಹಸಿರು ಮಾತ್ರೆ ದಿನಕ್ಕೆ ಆರು ನುಂಗಿದರೂ ಸಿಗುವುದು ಸುಮಾರು 1 ಮಿಲಿಗ್ರಾಂ. ನಾನು ಅದೇ ಶಾಲೆಯಲ್ಲಿ ವರ್ಷಗಟ್ಟಲೆ ಆ ನೀಲಿ ಮಾತ್ರೆ ಹಂಚಿದ್ದೇನೆ. ನುಂಗಿದ್ದನ್ನು ನಿಂತು ನೋಡಿದ್ದು ಎಷ್ಟು ಸಲ? ನೆನಪಾಗುವುದಿಲ್ಲ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇದೆ. ನಾನು ಓಡಿಸುವ ಎಂಟು ಜನರಲ್ಲಿ ನಾಲ್ವರಿಗೆ ಇರಬಹುದಲ್ಲವೇ ಎಂದು ಎಲ್ಲರಿಗೂ ಪರೀಕ್ಷೆ ಮಾಡಿಸಿದೆ. ಮೂವರಿಗೆ ಇತ್ತು.

ಡಾಕ್ಟರು ದಿನಾ ತಗೊಳ್ಳುವ ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಹೊಟ್ಟೆಹುಳಕ್ಕೂ ಮಾತ್ರೆ ಕೊಟ್ಟರು. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ ಅಂದರು. ಮಾತ್ರೆಯ ಹಿಂದೆ ಮುಂದೆ ಚಹಾ, ಕಾಫಿ ಬೇಡ, ಅವು ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಹುಳಿ ಇದ್ದರೆ ಒಳ್ಳೆಯದು. ನಮ್ಮ ಹಿತ್ತಲಲ್ಲಿ ನೆಲ್ಲಿಕಾಯಿ ಸುರಿಯುತ್ತಿತ್ತು. ಉಪ್ಪು ನೀರಿಗೆ ಹಾಕಿದ ನೆಲ್ಲಿಕಾಯಿಯ ಒಂದು ಭರಣಿ ಕೊಟ್ಟು ಕಳಿಸಿದೆ. ಮಾತ್ರೆಗೊಂದು ನೆಲ್ಲಿಕಾಯಿ. ಏಪ್ರಿಲ್‌ನಲ್ಲಿ ಮತ್ತೆ ನೋಡಿದಾಗ 11.8. 1500 ಮೀಟರ್‌ನಲ್ಲಿ 19 ಸೆಕೆಂಡು ಬೇಗ ಬಂದಿದ್ದಾಳೆ. ಇದರಲ್ಲಿ ಕಬ್ಬಿಣದ ಪಾಲೆಷ್ಟು, ನಾಲ್ಕು ತಿಂಗಳ ಓಟದ ಪಾಲೆಷ್ಟು, ಬಿಸಿಯೂಟದ ಮೊಟ್ಟೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ನನ್ನಿಂದಾಗದು. ಒಂದು ಸಲ ಹಾಗೆ ಹೇಳಿ ತಪ್ಪು ಮಾಡಿದ್ದೇನೆ.

ಇದನ್ನು ಓದಿ ಪಾಚಿ ಮಾತ್ರೆ ವಿಷ ಅಂತ ಯಾರೂ ತಿಳಿಯಬೇಡಿ. ದುಡ್ಡಿದ್ದವರು, ಆರೋಗ್ಯವಾಗಿ ಇರುವವರು ತಗೊಂಡರೆ ನನ್ನ ತಕರಾರಿಲ್ಲ. ಡಬ್ಬಿಯ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್ಎಸ್ಎಸ್ಎಐನ 14 ಅಂಕಿಯ ಪರವಾನಗಿ ನಂಬರು ಇದೆಯಾ ನೋಡಿ. ಇಂಥ ಡಬ್ಬಿಗಳ ಮೇಲೆ ಇದು ಔಷಧಿಯಾಗಿ ಬಳಸಲು ಅಲ್ಲ ಎಂದೂ ಬರೆದಿರಬೇಕು, ಅದನ್ನೂ ಓದಿ. ಬಿಡಿಯಾಗಿ ಪೊಟ್ಟಣ ಕಟ್ಟಿ ಮಾರುವ ಹಸಿರು ಪುಡಿ ಬೇಡವೇ ಬೇಡ. ಸರಿಯಾಗಿ ನೋಡಿಕೊಳ್ಳದ ತೊಟ್ಟಿಯಲ್ಲಿ ಬೇರೆ ಜಾತಿಯ ಪಾಚಿ ಸೇರಿಕೊಂಡರೆ ಮೈಕ್ರೋಸಿಸ್ಟಿನ್ ಎಂಬ ವಿಷ ಬರುತ್ತದೆ, ಅದು ಯಕೃತ್ತಿಗೆ ಕೆಟ್ಟದ್ದು. ಸೀಸದಂಥ ಲೋಹಗಳೂ ಸೇರಬಹುದು. ಕೆರೆಯ ಮೇಲೆ ಕಟ್ಟುವ ಹಸಿರು ಕೆನೆಯನ್ನು ಸ್ಪಿರುಲಿನಾ ಅಂದುಕೊಂಡು ಯಾರೂ ಒಣಗಿಸಿ ತಿನ್ನಬಾರದು. ಇನ್ನು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಫಿನೈಲ್‌ಕೀಟೋನ್ಯೂರಿಯಾ (ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾರದ, ಹುಟ್ಟಿನಿಂದ ಬರುವ ಕಾಯಿಲೆ) ಇರುವ ಮಕ್ಕಳು, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಜಿಮ್‌ಗೆ ಹೋಗುವ ಹುಡುಗರಿಗೂ ಒಂದು ಮಾತು. ದಸರಾ ಕ್ರೀಡಾಕೂಟಕ್ಕೆ ಹಿಂದಿನ ವಾರದವರೆಗೆ ಸುಮ್ನೆ ಇದ್ದು, ಒಂದೇ ದಿನ ಜೀವ ಬಿಟ್ಟು ಓಡಿ, ಮೂರು ದಿನ ಮಲಗುವವರನ್ನು ಪ್ರತಿ ವರ್ಷ ನೋಡಿದ್ದೇನೆ. ಅಭ್ಯಾಸ ಇಲ್ಲದ ದೇಹದಲ್ಲಿ ಕಾವಲು ತೆಳು. ಒಮ್ಮೆಲೇ ಜೋರು ಮಾಡಿದರೆ ಪುಂಡ ಕಣಗಳದ್ದೇ ಮೇಲುಗೈ. ಅದಕ್ಕೆ ಮಾತ್ರೆ ಹುಡುಕುವ ಬದಲು ಎರಡು ತಿಂಗಳು ಮೊದಲೇ ಶುರು ಮಾಡಿ, ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಓಡಲಾಗದ ದೊಡ್ಡವರು ನಡೆಯಿರಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ತಿನ್ನಲು ನಮ್ಮ ಮಲೆನಾಡಿನಲ್ಲಿ ಏನು ಕಡಿಮೆ? ಒಂದೆಲಗದ ತಂಬುಳಿ, ನುಗ್ಗೆಸೊಪ್ಪು, ಬಸಳೆ, ಮುರುಗಲ ಹಣ್ಣಿನ ಪಾನಕ, ಹುರುಳಿ ಸಾರು. ಇವುಗಳಲ್ಲಿರುವ ವಿಟಮಿನ್ನು ಮತ್ತು ಬಣ್ಣಗಳು ದೇಹದ ಕಾವಲಿಗೆ ನೆರವಾಗುವಷ್ಟು ಇರುತ್ತವೆ, ಅದನ್ನು ಮಲಗಿಸುವಷ್ಟು ಇರುವುದಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆರೋಗ್ಯ ಪುಟದಲ್ಲಿ ಇಂಥ ಬರಹ ಹಾಕುವಾಗ ಪರೀಕ್ಷೆ ಎಷ್ಟು ಜನರ ಮೇಲೆ ನಡೆಯಿತು, ಎಷ್ಟು ಗ್ರಾಂ ಕೊಟ್ಟರು, ಎಷ್ಟು ವಾರ ಕೊಟ್ಟರು ಎಂಬ ಮೂರು ಸಾಲು ಹಾಕಿ. ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದೂ ಹಾಕಿ. ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ಇಲ್ಲಿ ಜನ ಡಾಕ್ಟರ ಚೀಟಿಯಷ್ಟೇ ನಂಬುತ್ತಾರೆ. ಇನ್ನೊಂದು ಕೋರಿಕೆ, ಶಾಲೆಯ ನೀಲಿ ಮಾತ್ರೆಯ ಬಗ್ಗೆಯೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಒಂದು ಬರಹ ಬರಲಿ. ಹೊಟ್ಟೆ ತೊಳಸದ ಹಾಗೆ ತಗೊಳ್ಳುವುದು ಹೇಗೆ ಎಂದು ಮಕ್ಕಳಿಗೆ ತಿಳಿಯುವ ಹಾಗೆ ಬರೆಸಿ. ತಾಲ್ಲೂಕಿನ ದೈಹಿಕ ಶಿಕ್ಷಕರಿಗೂ ಕೇಳಿಕೊಳ್ಳುತ್ತೇನೆ. ಓಟದ ತಂಡಕ್ಕೆ ಸೇರಿಸಿಕೊಳ್ಳುವ ಮೊದಲು ಹುಡುಗಿಯರ ಹಿಮೋಗ್ಲೋಬಿನ್ ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಒಂದು ಹನಿ ರಕ್ತ ಸಾಕು.

ಆ 1,650 ರೂಪಾಯಿಯನ್ನು ಆ ತಾಯಿಗೆ ನಾನು ಕೊಡಲು ಹೋದೆ. ತಪ್ಪು ನನ್ನದು ತಾನೇ. ಅವರು ತಗೊಳ್ಳಲಿಲ್ಲ. ಕೊನೆಗೆ ಸಂಘದ ಕಂತನ್ನು ನಾನೇ ಕಟ್ಟಿ ರಸೀದಿ ಕೊಟ್ಟೆ. ಮಾರ್ಚ್‌ನಲ್ಲಿ ಅವರು ಒಂದು ಬುಟ್ಟಿ ಅಪ್ಪೆಮಿಡಿ ತಂದು ಜಗಲಿಯಲ್ಲಿ ಇಟ್ಟು ಹೋದರು.

ಆಗಸ್ಟ್‌ನಲ್ಲಿ ತಾಲ್ಲೂಕು ಕ್ರೀಡಾಕೂಟ ಇದೆ. ಈಗ ಮಳೆ ಹಿಡಿದಿದೆ, ಮೈದಾನ ಕೆಸರು. ನಾಳೆಯಿಂದ ಅಭ್ಯಾಸ ಶಾಲೆಯ ಜಗಲಿಯಲ್ಲಿ. ಒಂದು ತುದಿಯಿಂದ ಇನ್ನೊಂದಕ್ಕೆ 42 ಹೆಜ್ಜೆ, ಅಲ್ಲೇ ತಿರುಗಿ ಓಡಬೇಕು. ಎಂಟು ಹುಡುಗಿಯರೂ ಬರುತ್ತೇವೆ ಎಂದಿದ್ದಾರೆ.

ಇಂತಿ ತಮ್ಮ ಓದುಗಳು,
ನಿವೃತ್ತ ದೈಹಿಕ ಶಿಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ